ಜೀನತ್‌ಳ ಸಿಟ್ಟೂ ಅಕ್ಕಿಹೆಬ್ಬಾಳಿನ ಗರಿಗಳೂ

ಅರಿಷಡ್ವರ್ಗವನ್ನು ಎಣಿಸಿದ ಹಿರಿಯರು ಕಾಮದ ಬೆನ್ನಿಗೇ ಕ್ರೋಧವನ್ನು ಇರಿಸಿದರು. ಅದರ ಕೇಡನ್ನು ಅವರು ಬಲ್ಲವರೇ ಸರಿ. ಆದರೆ ಕೊಟ್ಟ ಮಾತು ಮುರಿದು ಬಿದ್ದಾಗಲೂ ಏಳದ ಸಿಟ್ಟನ್ನು ಅವರಲ್ಲಿ ಯಾರೂ ಶಾಂತಿಯೆಂದು ಕರೆದಿಲ್ಲ. ಗಂಜಾಮಿನ ರಹಮತುಲ್ಲಾ ಅವರ ಹಿರಿಯ ಮಗಳು ಜೀನತ್‌ಳನ್ನು ಕುರಿತು ಹೇಳುವಾಗ ಈ ಎರಡು ಮಾತನ್ನೂ ಒಟ್ಟಿಗೆ ನೆನೆಯಬೇಕಾಗುತ್ತದೆ.

ರಹಮತುಲ್ಲಾ ಅವರದು ಪಂಪ್‌ಸೆಟ್ಟುಗಳ ಸುಟ್ಟ ಮೋಟಾರಿಗೆ ಮರಳಿ ತಂತಿ ಸುತ್ತಿಕೊಡುವ ಅಂಗಡಿ. ಶ್ರೀರಂಗಪಟ್ಟಣದ ಸುತ್ತಣ ಗದ್ದೆಗಳ ರೈತರೆಲ್ಲ ಅಲ್ಲಿಗೆ ಬರುವವರೇ. ಬಂದವರು ಮೋಟಾರನ್ನು ಕಟ್ಟೆಯ ಮೇಲಿಡುವ ಮೊದಲೇ ಅದರ ರೋಗವನ್ನು ತಾವೇ ಹೇಳಿಬಿಡುತ್ತಿದ್ದರು. ರಹಮತುಲ್ಲಾ ಅವರು ತಾಳ್ಮೆಯಿಂದ ಕೇಳಿ, ಅವರು ಹೋದಮೇಲೆ ಮಗಳಿಗೆ, “ಹೇಳೋರು ಹೇಳ್ಲಿ ಬೇಟಿ. ಬಿಚ್ಚು, ನೋಡು, ಆಮೇಲೆ ಮಾತಾಡು” ಎನ್ನುತ್ತಿದ್ದರು. ತಂದೆಯ ಉಪದೇಶ ಮಗಳಿಗೆ ಹತ್ತಿತು. ತಾಳ್ಮೆ ಮಾತ್ರ ಹತ್ತಲಿಲ್ಲ. ಬಿಚ್ಚಿ ನೋಡದೆ ಮಾತಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. “ಇವಳನ್ನ ಅಂಗಡೀಲಿ ಕೂರಿಸ್ಬೇಡಿ, ಮೋಟಾರಿಗಿಂತ ಮೊದ್ಲು ಇವಳೇ ಸುಟ್ಕೋತಾಳೆ” ಎಂಬುದು ತಾಯಿ ಶಾಹಜಹಾನ್ ಬೇಗಂ ಅವರ ನಿತ್ಯದ ಮಾತು.

ಎಂಜಿನಿಯರಿಂಗ್ ಓದಿ ಮುಗಿಸಿದ ಜೀನತ್ ಪಾಂಡವಪುರದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಹಿಂದಣ ಬೀದಿಯ ಹಳೆಯ ಛತ್ರವೊಂದರಲ್ಲಿ ಓಲೆಗರಿಗಳನ್ನು ಕಾಪಾಡುವ ಒಂದು ಟ್ರಸ್ಟು ನಡೆಯುತ್ತದೆ. ನಾಗಮಂಗಲದ ಕಂಚುಗಾರರ ಮನೆಗಳಿಂದ, ಕೆ.ಆರ್. ಪೇಟೆಯ ಕಡೆಯ ಅರ್ಚಕರ ಅಟ್ಟಗಳಿಂದ, ಎಲ್ಲೆಲ್ಲಿಂದಲೋ ಬಂದ ಗರಿಗಳ ಧೂಳು ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಒಂದೊಂದರ ಚಿತ್ರವನ್ನೂ ತೆಗೆದು ಕಂಪ್ಯೂಟರಿನಲ್ಲಿ ಇರಿಸುವುದು ಅವರ ಕಾಯಕ. ವಿಜಯೇಂದ್ರ ಎಂಬ ನಿವೃತ್ತ ಅಧಿಕಾರಿ ಟ್ರಸ್ಟಿನ ಕಾರ್ಯದರ್ಶಿ. ಚಿತ್ರ ತೆಗೆಯುವವಳು ದೇವಸ್ಥಾನದ ಮನೆತನದ ವನಮಾಲಾ. ಬಾಗಿಲು ತೆರೆಯುವುದರಿಂದ ಹಿಡಿದು ಗರಿಯ ಕಟ್ಟು ಬಿಗಿಯುವವರೆಗೆ ಉಳಿದುದೆಲ್ಲ ದ್ಯಾವಯ್ಯನದು. ಯಂತ್ರಗಳ ಹೊಣೆ ಜೀನತ್‌ಳದು. ಪವಿತ್ರ ಗ್ರಂಥವನ್ನು ಮರದ ಪೀಠದ ಮೇಲಿಟ್ಟು ಓದಿ, ಬಟ್ಟೆಯಲ್ಲಿ ಸುತ್ತಿ, ಎತ್ತರದ ಗೂಡಿನಲ್ಲಿ ಇರಿಸುವ ಮನೆಯಲ್ಲಿ ಬೆಳೆದ ಆಕೆ, ಯಾರೂ ಹೇಳದಿದ್ದರೂ, ಕೈತೊಳೆಯದೆ ಗರಿಯನ್ನು ಮುಟ್ಟಿದವಳಲ್ಲ.

ವನಮಾಲಾಳಿಗೆ ಒಂದು ಪದ್ಧತಿಯಿತ್ತು. ಒಂದೊಂದು ಗರಿಗೂ ಕಂಪ್ಯೂಟರಿನಲ್ಲಿ ಒಂದೊಂದು ಫೋಲ್ಡರು ಮಾಡುತ್ತಿದ್ದಳು. ಅದರೊಳಗೆ ಚಿತ್ರವನ್ನು ಇಡುವ ಮುನ್ನ ‘ಶ್ರೀ’ ಎಂಬ ಹೆಸರಿನ ಬರಿದಾದ ಫೋಲ್ಡರೊಂದನ್ನು ತೆರೆಯುತ್ತಿದ್ದಳು. ಶ್ರೀಕಾರವಿಲ್ಲದೆ ಯಾವ ಬರಹವೂ ಮೊದಲಾಗದ ಮನೆಯ ಹೆಣ್ಣು ಅವಳು. ಹೀಗೆ ಗರಿಗಳೆಷ್ಟೋ ಶ್ರೀಗಳೂ ಅಷ್ಟೇ ಆಗಿ, ಫೋಲ್ಡರುಗಳ ಸಂಖ್ಯೆ ಇಮ್ಮಡಿಯಾಗುತ್ತ ಹೋಯಿತು.

ಇದರಿಂದ ಒದಗಿದ ತೊಡಕನ್ನು ಜೀನತ್ ವಿಜಯೇಂದ್ರರಿಗೆ ಬಿಡಿಸಿ ಹೇಳಿದ್ದಳು. ಟ್ರಸ್ಟಿನ ಸರ್ವರಿನಲ್ಲಿ ಚಿತ್ರ ತಿದ್ದುವುದು, ಹುಡುಕಿಕೊಡುವುದು, ನಕಲು ಮಾಡುವುದು ಎಂದು ಹಲವು ಕೆಲಸಗಳು ನಡೆಯುತ್ತವೆ. ಒಂದೊಂದೂ ತನ್ನ ತನ್ನ ಕಂಟೇನರಿನಲ್ಲಿ.

“ಗದ್ದೆಗೆ ಬದು ಇದ್ದಂಗೆ ಸಾರ್ ಈ ಕಂಟೇನರು. ಬದು ಬೇರೆ ಬೇರೆ, ಕೆರೆಯ ತೂಬು ಒಂದೇ. ಆ ತೂಬೇ ಕರ್ನೆಲ್, ಇಡೀ ಮೆಷಿನ್ನನ್ನ ನಡೆಸೋ ಮೂಲ ಪ್ರೋಗ್ರಾಮು. ಯಾವ ಫೋಲ್ಡರಿಗೆ ಹೊಸದೇನು ಬಂತು, ಏನು ಹೋಯ್ತು ಅಂತ ನೋಡೋಕೆ ಒಂದೊಂದು ಫೋಲ್ಡರಿಗೂ ಒಂದೊಂದು ಕಾವಲು ಬೇಕು. ಆ ಕಾವಲು ಕೊಡೋದು ಕರ್ನೆಲ್ಲು. ಎಲ್ಲಾ ಕಂಟೇನರಿಗೂ ಸೇರಿಸಿ ಇಷ್ಟೇ ಅಂತ ಅದಕ್ಕೊಂದು ಮಿತಿ ಇದೆ.”

“ಮಿತಿ ಮುಗಿದ್ರೆ?”

“ಕಾವಲು ಮುಗೀತು ಅಂತ ಹೇಳಲ್ಲ ಸಾರ್ ಅದು. ಸಾಧನದಲ್ಲಿ ಜಾಗ ಉಳಿದಿಲ್ಲ ಅಂತ ಹೇಳುತ್ತೆ. ಅದನ್ನ ನಂಬಬಾರದು. ಡಿಸ್ಕು ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ.”

“ಹಾಗಾದ್ರೆ ಆ ಶ್ರೀಗಳನ್ನ ತೆಗೆಸಿಬಿಡೋಣ.”

“ಅದು ಬೇಡ. ಮನಸ್ಸಿಟ್ಟು ಮಾಡಿದ್ದು ಅವಳು. ಮಿತಿ ಹೆಚ್ಚಿಸಿದ್ರೆ ಆಯ್ತು.”

ಮಿತಿಯನ್ನು ಹೆಚ್ಚಿಸುವ ಅಧಿಕಾರವಾದರೋ ಅವಳ ಕೈಯಲ್ಲಿರಲಿಲ್ಲ. ಸರ್ವರಿನ ಮೂಲ ಪಾಸ್‌ವರ್ಡು ಮೈಸೂರಿನ ಗುತ್ತಿಗೆದಾರ ಶ್ರೀಕರನ ವಶದಲ್ಲಿತ್ತು. ಹೊಣೆ ಆಕೆಗೆ, ಬೀಗದಕೈ ಆತನಿಗೆ ಎಂದು ಟ್ರಸ್ಟು ಹಂಚಿತ್ತು. “ನಿಮ್ಮ ಕಂಟೇನರ್ ಒಳಗೆ ನೀವೇ ಮಾಡ್ಕೊಳಿ ಮೇಡಂ” ಎಂದ ಶ್ರೀಕರನಿಗೆ, ಒಳಗಿನಿಂದ ಅದು ಸಾಗದು, ಹೊರಗಿನ ಯಂತ್ರದಲ್ಲೇ ಆಗಬೇಕು ಎಂದು ತಿಳಿಯಹೇಳಲು ಒಂದು ವಾರ ಹಿಡಿಯಿತು. ಕಡೆಗೆ ಆತ ಅಲ್ಲಿಂದಲೇ ಒಂದು ಆಜ್ಞೆ ಕೊಟ್ಟು ಮಿತಿಯನ್ನು ಹೆಚ್ಚಿಸಿದ. “ಫೈಲಿನಲ್ಲೂ ಬರೀರಿ, ಇಲ್ದಿದ್ರೆ ಮೆಷಿನ್ನು ಆರಿ ಹತ್ತಿದ ತಕ್ಷಣ ಮರೆತುಬಿಡುತ್ತೆ” ಎಂದಳು ಜೀನತ್. “ಬರೀತೀನಿ ಬಿಡಿ” ಎಂದ ಶ್ರೀಕರ. ಬರೆಯಲಿಲ್ಲ.

ಹಿಂದಿನ ಕೋಣೆಯಲ್ಲಿ ಎರಡನೆಯ ಯಂತ್ರವೊಂದಿತ್ತು. ನಕಲು ಮಾಡುವ ಕಂಟೇನರು ಮೊದಲ ಯಂತ್ರದ ಫೋಲ್ಡರುಗಳನ್ನು ಕಾಯುತ್ತ, ಇಲ್ಲಿ ಬಂದದ್ದನ್ನು ಅಲ್ಲಿಯೂ ಇಡುತ್ತಿತ್ತು. ಇಲ್ಲಿ ಅಳಿದದ್ದನ್ನು ಅಲ್ಲಿಯೂ ಅಳಿಸುತ್ತಿತ್ತು. ಕನ್ನಡಿಯ ಮುಂದೆ ನಿಂತವನು ಸರಿದರೆ ಕನ್ನಡಿಯೊಳಗೂ ಆತನಿಲ್ಲ, ಹಾಗೆ.

ಈ ನಡುವೆ ಅಕ್ಕಿಹೆಬ್ಬಾಳಿನ ಅನಂತರಾಮು ಅವರು ತಮ್ಮ ಮನೆಯ ಗರಿಗಳನ್ನು ತಂದುಕೊಟ್ಟಿದ್ದರು. ಅದೊಂದು ಗೋವೈದ್ಯ, ಹಸುಕರುಗಳ ರೋಗಕ್ಕೆ ಮದ್ದು ಹೇಳುವ ಕಂದಪದ್ಯಗಳು. ಹೇಮಾವತಿಯ ದಡದ ಹಳ್ಳಿಗಳಲ್ಲಿ ಹಸು ಮೇವು ಬಿಟ್ಟರೆ ಮೂರು ತಲೆಮಾರಿನವರು ಓಡಿಬಂದದ್ದು ಆ ಗರಿಗಳಿದ್ದ ಬಾಗಿಲಿಗೆ. ಮುಟ್ಟಿದರೆ ಉದುರುವಷ್ಟು ಜೀರ್ಣವಾಗಿದ್ದವು. ಓದಲಾಗದಷ್ಟು ಸವೆದ ಗ್ರಂಥವನ್ನು ಕಸಕ್ಕೆ ಎಸೆಯದೆ ಹರಿಯುವ ನೀರಿಗೆ ಒಪ್ಪಿಸುವುದು ಅವರ ಮನೆಯ ವಾಡಿಕೆ. ಚಿತ್ರ ತೆಗೆದು ಮುಗಿದ ದಿನ ಅವರು ಜೀನತ್‌ಳನ್ನೇ ಕೇಳಿದರು.

“ಹೊಳೆಗೆ ಬಿಡಲೇನಮ್ಮ? ಆಮೇಲೆ ಬೇಕು ಅಂದ್ರೆ ಹೊಳೆ ವಾಪಸು ಕೊಡಲ್ಲ.”

ಜೀನತ್‌ಳಿಗೆ ಈ ವಾಡಿಕೆ ಹೊಸದಾಗಿರಲಿಲ್ಲ. ಅವಳ ಅಜ್ಜಿ ಹರಿದ ಪವಿತ್ರ ಹಾಳೆಗಳನ್ನು ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಕಾವೇರಿಯ ಆಳದ ನೀರು ನೋಡಿ ಬಿಡುತ್ತಿದ್ದರು. ಎರಡೂ ಯಂತ್ರಗಳಲ್ಲಿ ಗರಿಗಳೆಲ್ಲ ಇರುವುದನ್ನು ತೆರೆದು ನೋಡಿ ಬಂದು, “ಬಿಡಿ ಸ್ವಾಮಿ. ಇಲ್ಲಿ ಎರಡು ಕಡೆ ಇದೆ. ನನ್ನ ಮಾತು” ಎಂದಳು. ಆ ಮಾತಿನ ಮೇಲೆ ಗರಿಗಳು ಹೇಮಾವತಿಯನ್ನು ಸೇರಿದವು.

ಮುಂದೆ ಕೆಲವೇ ದಿನಗಳಲ್ಲಿ ಕೆ.ಆರ್. ಪೇಟೆಯಲ್ಲಿ ಜೀನತ್‌ಳ ತಂಗಿಯ ಮದುವೆ. ಆಕೆ ರಜೆಯಲ್ಲಿದ್ದಾಗ ಪಾಂಡವಪುರದಲ್ಲಿ ಕರೆಂಟು ಹೋಯಿತು. ಬ್ಯಾಟರಿಯೂ ಸೋತು ಸರ್ವರು ಆರಿತು. ಮರಳಿ ಹತ್ತಿದಾಗ ಕರ್ನೆಲ್ ತನ್ನ ಹಳೆಯ ಮಿತಿಗೇ ಹಿಂದಿರುಗಿತ್ತು. ಚಿತ್ರ ಹುಡುಕಿಕೊಡುವ ಕಂಟೇನರೇ ಇದ್ದ ಕಾವಲುಗಳನ್ನೆಲ್ಲ ಬಾಚಿಕೊಂಡಿತು. ನಕಲು ಮಾಡುವ ಕಂಟೇನರಿಗೆ ಏನೂ ಉಳಿಯದೆ, ಜಾಗವಿಲ್ಲವೆಂಬ ಆ ಮಾತನ್ನೇ ತೆರೆಯ ಮೇಲೆ ಬರೆದು ಅದು ನಿಂತುಹೋಯಿತು.

ಮದುವೆಯ ಔತಣವಾದ ವಲೀಮಾದ ದಿನ ಬೆಳಗ್ಗೆ ದ್ಯಾವಯ್ಯನ ಫೋನು ಬಂತು.

“ಅವ್ವಾ, ನೀನು ಎಲ್ಲಿದ್ರೂ ಬಂದ್ಬುಡು. ಜಾಗ ಇಲ್ಲ ಅಂತ ಅಳಿಸ್ತಾವ್ರೆ.”

“ಯಾರದ್ದನ್ನ ದ್ಯಾವಣ್ಣ?”

“ಅಕ್ಕಿಹೆಬ್ಬಾಳದ ಅಯ್ನೋರ್ದು. ಎಲ್ಲಾದ್ಕಿಂತ ದಪ್ಪ ಅದೇ ಅಂತೆ. ನಂಗೇನು ಗೊತ್ತವ್ವ, ಅಂಗಂದ್ರು. ಅದ್ನ ನಂಬ್ಬೇಡಿ ಅಂತ ನೀನು ಏಳಿದ್ದೆ ಎಲ್ಲಾರ್ಗೂ, ಅದ್ಕೇ ಫೋನ್ ಮಾಡ್ದೆ.”

ಮೆಹೆಂದಿಯ ಕೈಯಲ್ಲೇ ಜೀನತ್ ಚೀಲ ಎತ್ತಿಕೊಂಡಳು. ಶಾಹಜಹಾನ್ ಬೇಗಂ ಬಾಗಿಲಿಗೆ ಅಡ್ಡ ಬಂದರು.

“ವಲೀಮಾ ಬಿಟ್ಟು ಹೋಗ್ತೀಯಾ? ಜನ ಏನಂತಾರೆ?”

“ಜನ ಬಿರಿಯಾನಿ ತಿಂತಾರೆ ಅಮ್ಮಿ. ಬಿಡಿ, ಬಸ್ಸು ಹೋಗುತ್ತೆ.”

ಬೂಕನಕೆರೆಯನ್ನು ದಾಟಿ ಬಸ್ಸು ಸಾಗುತ್ತಿದ್ದಂತೆ ಅವಳ ಸಿಟ್ಟು ಕುದಿದು ಮಾತಾಗಿ, ಮಾತು ಗೊಣಗಾಗಿ ಹೊರಬೀಳಲು, ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಛತ್ರದ ಹಜಾರದಲ್ಲಿ ವಿಜಯೇಂದ್ರರು ಕಾಫಿ ಕುಡಿಯುತ್ತಿದ್ದರು. ಜರಿಯ ದುಪಟ್ಟಾದಲ್ಲಿ ಬಂದು ನಿಂತವಳನ್ನು ನೋಡಿ ನಕ್ಕರು.

“ಬಾರಮ್ಮ. ಮದುವೆ ಊಟ ತಂದ್ಯಾ?”

“ಅಳಿಸೋಕೆ ಯಾರು ಹೇಳಿದ್ದು ಸಾರ್?”

“ಮೆಷಿನ್ನೇ ಹೇಳ್ತಲ್ಲಮ್ಮ. ಜಾಗ ಇಲ್ಲ ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ ಬರೀತು. ನೀನು ಇರ್ಲಿಲ್ಲ. ಕೆಲಸ ನಿಲ್ಲಿಸೋಕಾಗುತ್ತಾ?”

“ನಾನು ಇದೇ ಕುರ್ಚಿಯ ಮುಂದೆ ನಿಂತು ಹೇಳಿದ್ದೆ. ಅದು ಹೇಳೋದನ್ನ ನಂಬಬೇಡಿ ಅಂದಿದ್ದೆ. ಡಿಸ್ಕು ನೋಡಿದ್ರಾ? ಒಂದು ಸಲ? ಬರೀ ಕಣ್ಣಲ್ಲಿ?”

“ಅಷ್ಟು ಕೋಪ ಯಾಕೆ? ಹಿಂದಿನ ಕೋಣೇಲಿ ಇನ್ನೊಂದು ಪ್ರತಿ ಇದೆಯಲ್ಲ. ಅದಕ್ಕೆ ತಾನೆ ಇಟ್ಟಿರೋದು.”

ವನಮಾಲಾ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. “ನಾನು ಬೇಡ ಅಂದೆ ಅಕ್ಕ. ಅಕ್ಕ ಬರಲಿ ಅಂದೆ. ಕೇಳ್ಲಿಲ್ಲ.”

ಜೀನತ್ ಒಳಗೆ ನಡೆದಳು. ಮೊದಲ ಯಂತ್ರದಲ್ಲಿ ಅಕ್ಕಿಹೆಬ್ಬಾಳಿನ ಹೆಸರೇ ಇರಲಿಲ್ಲ. ಹಿಂದಿನ ಕೋಣೆಗೆ ಹೋಗಿ ಎರಡನೆಯ ಯಂತ್ರವನ್ನು ತೆರೆದಳು. ಇತ್ತು. ಗರಿಯ ಮೇಲೆ ಗರಿ, ಶ್ರೀಯ ಮೇಲೆ ಶ್ರೀ, ಎಲ್ಲವೂ ಇದ್ದವು. ನಕಲು ಮಾಡುವ ಕಂಟೇನರು ನಿಂತುಹೋಗಿದ್ದುದರಿಂದ ಇಲ್ಲಿನ ಅಳಿವು ಅಲ್ಲಿಗೆ ಮುಟ್ಟಿರಲಿಲ್ಲ. ಯಾವ ಕೇಡು ಅಳಿಸುವ ಮನಸ್ಸನ್ನು ಕೊಟ್ಟಿತೋ ಅದೇ ಕೇಡು ಗರಿಗಳನ್ನು ಉಳಿಸಿತ್ತು.

ಆಗ ಆಕೆ ಮಾಡಬೇಕಾಗಿದ್ದುದು ಒಂದೇ: ಎರಡು ಯಂತ್ರಗಳ ನಡುವಣ ತಂತಿಯನ್ನು ಮೊದಲು ಕಿತ್ತು, ಆಮೇಲೆ ಉಸಿರಾಡುವುದು. ಜೀನತ್ ಅದನ್ನು ಬಲ್ಲವಳೇ. ಆದರೆ ಗರಿಗಳು ಇವೆಯೆಂದು ಕಂಡ ಕೂಡಲೇ ಅದುವರೆಗೆ ಭಯದ ಅಡಿಯಲ್ಲಿದ್ದ ಸಿಟ್ಟು ಮೇಲೆದ್ದು, ಕೈ ತಂತಿಗೆ ಹೋಗದೆ ಫೋನಿಗೆ ಹೋಯಿತು.

“ಶ್ರೀಕರ್, ಫೈಲಿನಲ್ಲಿ ಬರೀತೀನಿ ಅಂದ್ರಲ್ಲ, ಬರೆದ್ರಾ?”

“ಯಾವ ಫೈಲು ಮೇಡಂ?”

“ಯಾವ ಫೈಲು ಅಂತ ಕೇಳ್ತೀರಾ? ಬಾಯಿಮಾತಲ್ಲಿ ಹೇಳಿ ಹೋದ್ರೆ ಕರ್ನೆಲ್ಲಿಗೆ ನೆನಪಿರುತ್ತಾ? ನಿಮಗೇ ಇಲ್ಲ. ಬೀಗದಕೈ ಸೊಂಟಕ್ಕೆ ಕಟ್ಕೊಂಡು ಮೈಸೂರಲ್ಲಿ ಕೂತ್ಕೊಳ್ಳೋಕೆ ನಾಚಿಕೆ ಆಗಲ್ವಾ? ಒಬ್ಬರ ಮನೆಯ ಮೂರು ತಲೆಮಾರು ಇಲ್ಲಿ ಅಳಿಸಿ ಹೋಗಿದೆ, ನಿಮ್ಮ ಒಂದು ಸಾಲು ಬರೆಯೋ ಸೋಮಾರಿತನಕ್ಕೆ.”

ಹೀಗೆ ಮಾತು ಮಾತನ್ನು ಹಡೆಯುತ್ತ ಹೋಯಿತು. ಅಷ್ಟೂ ಬೈಗುಳದ ನಡುವೆ ಹೇಳಲೇಬೇಕಾಗಿದ್ದ ಒಂದು ಮಾತು, ನಕಲಿನ ಕಂಟೇನರನ್ನು ಈಗ ಮುಟ್ಟಬೇಡಿ ಎಂಬುದು, ಹಿಂದೆ ಬಿತ್ತು. ಆ ಕಡೆಯಿಂದ ಕೀಲಿಮಣೆಯ ಸದ್ದು ಮಾತ್ರ ಕೇಳುತ್ತಿತ್ತು. ಬೈಸಿಕೊಂಡವನು ಬಾಯಿ ಮುಚ್ಚಿಸಲು ಅವಸರಪಡುತ್ತಿದ್ದ.

“ಇಗೊಳ್ಳಿ ಮೇಡಂ. ಮಿತಿ ಹೆಚ್ಚಿಸಿದೆ, ಫೈಲಿನಲ್ಲೂ ಬರೆದೆ, ಎಲ್ಲಾ ಕಂಟೇನರೂ ಮತ್ತೆ ಶುರು ಮಾಡಿದೆ. ಈಗ ಸಮಾಧಾನವಾಯ್ತಾ?”

ಜೀನತ್ ಫೋನನ್ನು ಬಿಟ್ಟು, “ದ್ಯಾವಣ್ಣ, ಆ ನೀಲಿ ವೈರು ಕಿತ್ತುಬಿಡಿ” ಎಂದು ಕೂಗಿದಳು.

“ಎಲ್ಡು ಅವೆ, ಯಾವುದವ್ವ?”

“ಎಲ್ಲಾ ಕಿತ್ತಾಕಿ.”

ದ್ಯಾವಯ್ಯ ಕಿತ್ತ, ಗೋಡೆಯ ಗಾರೆಯೂ ಒಂದಿಷ್ಟು ಕಿತ್ತುಬಂತು. ಆದರೆ ಎಚ್ಚೆತ್ತ ನಕಲುಗಾರನು ತನ್ನ ಧರ್ಮವನ್ನು ಅದಾಗಲೇ ಪಾಲಿಸತೊಡಗಿದ್ದ. ಇಲ್ಲಿ ಇಲ್ಲದುದು ಅಲ್ಲಿಯೂ ಇರಬಾರದೆಂದು, ಮೊದಲ ಗರಿಯಿಂದ ಹಿಡಿದು ಸರಿಸುಮಾರು ಅರ್ಧದಷ್ಟನ್ನು ಒರೆಸಿಹಾಕಿದ್ದ. ಅಳಿಸಿದ್ದನ್ನು ಮರಳಿ ಎತ್ತುವ ಉಪಾಯಗಳನ್ನೆಲ್ಲ ಜೀನತ್ ಸಂಜೆಯವರೆಗೂ ನಡೆಸಿದಳು. ಅಲ್ಲಿದ್ದ ಹೊಸ ಬಗೆಯ ಡಿಸ್ಕುಗಳು ಬಿಡುಗಡೆಯಾದ ಜಾಗವನ್ನು ಕೂಡಲೇ ತೊಳೆದುಬಿಡುತ್ತವೆ; ಒಂದು ಚಿತ್ರವೂ ದಕ್ಕಲಿಲ್ಲ. ಮೆಹೆಂದಿಯ ಕೈಯನ್ನು ಮೇಜಿಗೆ ಗುದ್ದಿದಳು. ಇಷ್ಟುಹೊತ್ತು ವಿಜಯೇಂದ್ರರ ಮೇಲೆ, ಶ್ರೀಕರನ ಮೇಲೆ ಹಂಚಿಹೋಗಿದ್ದ ಸಿಟ್ಟು ಒಟ್ಟಾಗಿ ಅವಳ ಮೇಲೆಯೇ ತಿರುಗಿಬಿದ್ದಿತ್ತು. ಬಿಚ್ಚು, ನೋಡು, ಆಮೇಲೆ ಮಾತಾಡು ಎಂದು ಕೇಳಿ ಬೆಳೆದವಳು ಮೊದಲು ಮಾತಾಡಿದ್ದಳು.

ವಿಜಯೇಂದ್ರರು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: “ಅನಂತರಾಮು ಅವರಿಗೆ ತಿಳಿಸೋದು ಬೇಡ. ಆ ವಯಸ್ಸಿನಲ್ಲಿ ಅವರು ಬಂದು ಕಂಪ್ಯೂಟರು ತೆಗೆದು ನೋಡ್ತಾರಾ? ಕೇಳಿದಾಗ ಉಳಿದದ್ದನ್ನ ಕೊಡೋಣ.”

“ನಾಳೆ ಬೆಳಗ್ಗೆ ನಾನೇ ಹೋಗಿ ಹೇಳ್ತೀನಿ.”

“ಟ್ರಸ್ಟಿನ ಮರ್ಯಾದೆ ಹೋಗುತ್ತಮ್ಮ.”

“ಇದ್ರೆ ಹೋಗುತ್ತೆ ಸಾರ್.”

“ಆಮೇಲೆ ನೀನು ಇಲ್ಲಿ ಇರೋದು ಕಷ್ಟ ಆಗುತ್ತೆ.”

“ಇಲ್ಲಿ ಇರೋದು ಆಮೇಲಿನ ಮಾತು. ಆ ಪಾಸ್‌ವರ್ಡು ಮೈಸೂರಿಂದ ನನ್ನ ಕೈಗೆ ಬರೋವರೆಗೆ ಈ ವೈರನ್ನ ಯಾರೂ ಮುಟ್ಟೋ ಹಾಗಿಲ್ಲ. ದ್ಯಾವಣ್ಣ, ಮುಟ್ಟಿದೋರ ಹೆಸರು ನಂಗೆ ಹೇಳಿ.”

“ಮುಟ್ಲಿ ನೋಡವಾ” ಎಂದ ದ್ಯಾವಯ್ಯ, ಕಾರ್ಯದರ್ಶಿಗಳನ್ನೇ ನೋಡುತ್ತ.

ಮರುದಿನ ಅಕ್ಕಿಹೆಬ್ಬಾಳಿನಲ್ಲಿ ಅನಂತರಾಮು ಅವರು ಕೊಟ್ಟಿಗೆಯ ಬಾಗಿಲಲ್ಲಿ ಹಸುವಿನ ಮೈ ತಿಕ್ಕುತ್ತಿದ್ದರು. ದೂರದಿಂದಲೇ ಕಂಡು ಮುಖ ಅರಳಿಸಿದರು.

“ತಂಗಿ ಮದುವೆ ಚೆನ್ನಾಗಾಯ್ತೇನಮ್ಮ?”

“ಆಯ್ತು ಸ್ವಾಮಿ. ನಿಮ್ಮ ಗರಿ ಹೋಯ್ತು.”

ಅವರು ಕೈಯಲ್ಲಿದ್ದ ತೆಂಗಿನ ನಾರನ್ನು ಬಕೆಟ್ಟಿಗೆ ಹಾಕಿದರು. ಜೀನತ್ ಎಲ್ಲವನ್ನೂ ಹೇಳಿದಳು. ಶ್ರೀಕರ ಬರೆಯದಿದ್ದುದನ್ನು, ವಿಜಯೇಂದ್ರರು ಅಳಿಸಿದುದನ್ನು, ತಾನು ತಂತಿ ಕೀಳುವುದನ್ನು ಬಿಟ್ಟು ಫೋನಿನಲ್ಲಿ ಬೈಯುತ್ತ ಕುಳಿತುದನ್ನು. ಕಾವಲಿನ ಮಿತಿಯನ್ನು ವಿವರಿಸಹೊರಟಾಗ ಮುದುಕರು ತಡೆದರು.

“ಆ ಪುರಾಣ ಸಾಕು. ಹೊಳೆಗೆ ಬಿಟ್ಟವನು ನಾನು. ಯಾರ ಮಾತು ಕೇಳಿ ಬಿಟ್ಟೆ?”

“ನನ್ನ ಮಾತು.”

“ನಿಮ್ಮ ಕಾರ್ಯದರ್ಶಿ ಯಾಕೆ ಬರಲಿಲ್ಲ?”

“ನಾನು ಬರೋದೂ ಬೇಡ ಅಂದ್ರು.”

“ಅವನ ಮಾತು ಕೇಳಿದ್ದರೆ ಈ ಹೊತ್ತಿನ ನನ್ನ ಊಟವಾದರೂ ನೆಟ್ಟಗೆ ಆಗ್ತಿತ್ತು.” ಅವರ ದನಿ ಏರಲಿಲ್ಲ. “ಗೆದ್ದಲು ತಿಂದಿದ್ದರೆ ಗೆದ್ದಲಿಗೆ ಹಸಿವು ಅಂತಿದ್ದೆ. ಹೊಳೆ ಒಯ್ದದ್ದು ನಾನೇ ಕೊಟ್ಟದ್ದು. ನೀವು ಓದಿದವರು, ಎರಡೆರಡು ಪೆಟ್ಟಿಗೆ ಇಟ್ಟುಕೊಂಡವರು, ಜಾಗ ಇದ್ದೂ ಜಾಗ ಇಲ್ಲ ಅಂತ ಕಳೆದಿರಲ್ಲ. ಯಾವ ಭಾಗ ಉಳಿದಿದೆ?”

“ಕೊನೆಯ ಅರ್ಧ. ಮೊದಲಿನದು ಹೋಗಿದೆ.”

ಅನಂತರಾಮು ಅವರು ಕೈ ತೊಳೆದು ಜಗುಲಿಗೆ ಬಂದು ಕುಳಿತರು. “ಮೊದಲಿನದು ನಮ್ಮಪ್ಪ ಬಾಯಿಪಾಠ ಮಾಡಿಸಿದ್ದು. ಹುಡುಗರಿಗೆ ಪಾಠ ಯಾವತ್ತೂ ಮೊದಲಿಂದಲೇ ತಾನೆ, ಯಾರೂ ಕೊನೆ ಮುಟ್ಟುತ್ತಿರಲಿಲ್ಲ. ಕೂತ್ಕೋ. ಬರಕೋ.”

ಜೀನತ್ ಲ್ಯಾಪ್‌ಟಾಪು ತೆರೆದಳು. ಮುದುಕರು ಕಣ್ಣು ಮುಚ್ಚಿ ಹೇಳತೊಡಗಿದರು. ಬಜೆ, ಹಿಪ್ಪಲಿ, ಲಕ್ಕಿಸೊಪ್ಪು, ಆಡುಸೋಗೆಯ ರಸ. ಮೇವು ಬಿಟ್ಟ ಹಸುವಿಗೆ, ಹೊಟ್ಟೆ ಉಬ್ಬಿದ ಎತ್ತಿಗೆ, ಬಾಯಿಹುಣ್ಣಿನ ಕರುವಿಗೆ. ಪದ್ಯಕ್ಕೊಂದು ಮದ್ದು, ಮದ್ದಿಗೊಂದು ಬೈಗುಳ.

“ಅಲ್ಲಿ ದೀರ್ಘ ಬರತ್ತೆ. ಕಿವಿ ಎಲ್ಲಿಟ್ಟಿದ್ದೀಯ?”

“ತಿದ್ದಿದೆ ಸ್ವಾಮಿ.”

“ತಿದ್ದೋದು ಸುಲಭ. ಓದು, ಕೇಳೋಣ.”

ಓದಿದಳು. ಹಳಗನ್ನಡದ ಒತ್ತುಗಳು ಅವಳ ನಾಲಗೆಯಲ್ಲಿ ಎಡವಿದಾಗಲೆಲ್ಲ ಅವರು ಮತ್ತೆ ಹೇಳಿಸಿದರು. ಮಧ್ಯಾಹ್ನ ಊಟಕ್ಕೆ ಒಳಗಿನಿಂದ ಕರೆ ಬಂದರೆ ಕೈಯಾಡಿಸಿ ತಡೆದರು. ಜೀನತ್‌ಳ ಬೆರಳು ನೋಯುತ್ತಿದ್ದವು. ನೋವನ್ನು ಹೇಳುವ ಹಕ್ಕು ತನಗಿಲ್ಲವೆಂದು ಬರೆಯುತ್ತಲೇ ಇದ್ದಳು.

ಹೀಗೆ ಸಾಗಿದ ಪಾಠ ಒಂದೆಡೆ ನಿಂತಿತು. ಗರ್ಭದಲ್ಲಿ ಕರು ಅಡ್ಡ ತಿರುಗಿದಾಗ ಮಾಡಬೇಕಾದ ಉಪಚಾರದ ಪದ್ಯ. ಮೊದಲ ಪಾದ ಬಂತು. ಎರಡನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದರು. ಅಲ್ಲಿಗೇ ಬಂದು ನಿಂತರು. ಮೂರನೆಯ ಸಲ ಅವರ ಕಣ್ಣು ತೆರೆಯಿತು, ಕೆಂಪಾಗಿತ್ತು.

“ಇದನ್ನ ಬಾಯಲ್ಲಿ ನಿಲ್ಲಿಸಿಕೊಳ್ಳಲೇ ಇಲ್ಲ. ಬೇಕಾದಾಗ ಕಟ್ಟು ಬಿಚ್ಚಿ ನೋಡ್ತಿದ್ದೆ. ಗರಿ ಇತ್ತಲ್ಲ.”

ಜೀನತ್ ಒಂದು ಪದ್ಯದಷ್ಟು ಜಾಗ ಬಿಟ್ಟು, ಮೆಲುದನಿಯಲ್ಲಿ, “ಮುಂದಿನದು ಹೇಳಿ ಸ್ವಾಮಿ” ಎಂದಳು.

“ಮುಂದಿನದು ಯಾಕೆ? ಖಾಲಿ ಬಿಟ್ಟು ಮುಂದೆ ಹೋಗೋಕೆ ನಿನಗೆ ಯಾರು ಹೇಳಿದ್ರು? ಇದು ಬರೋವರೆಗೂ ಕೂತಿರು.”

ಕೆ.ಆರ್. ಪೇಟೆಗೆ ಹೋಗುವ ಬಸ್ಸು ಬೀದಿಯ ತುದಿಯಲ್ಲಿ ಹಾರ್ನು ಹೊಡೆದು, ಸ್ವಲ್ಪ ಕಾದು, ಹೊರಟುಹೋಯಿತು. ಮುದುಕರು ಆ ಪಾದವನ್ನು ಮತ್ತೆ ಮೊದಲಿನಿಂದ ಹೇಳತೊಡಗಿದರು. ಜೀನತ್ ಕೂತೇ ಇದ್ದಳು.